ಮೈದಾನದ ಗೇಟಿಗೆ ಬೀಗ ಹಾಕಬೇಡಿ: ಒಬ್ಬ ನಿವೃತ್ತ ಹವಾಲ್ದಾರನ ಬಹಿರಂಗ ಪತ್ರ

ಇವರಿಗೆ,
ದಾವಣಗೆರೆ ಜಿಲ್ಲೆಯ ಹೈಸ್ಕೂಲುಗಳ ಮುಖ್ಯೋಪಾಧ್ಯಾಯರು, ಆಡಳಿತ ಮಂಡಳಿಯವರು ಮತ್ತು ಎಸ್‌ಡಿಎಂಸಿ ಸದಸ್ಯರು

ಮಾನ್ಯರೇ,

ನಮಸ್ಕಾರ. ನಾನು ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲಿ 24 ವರ್ಷ ಇದ್ದು ಹವಾಲ್ದಾರ್ ಆಗಿ ನಿವೃತ್ತನಾದವನು. ನಮ್ಮ ಪಡೆಯನ್ನು ಎಂಇಜಿ ಅಂತಾರೆ. ಬೆಂಗಳೂರಿನ ಹಲಸೂರು ಕೆರೆ ಪಕ್ಕದಲ್ಲಿ ಅದರ ಸೆಂಟರ್ ಇದೆ. ಸೇತುವೆ ಕಟ್ಟುವುದು, ದಾರಿ ಮಾಡುವುದು, ನೆಲಬಾಂಬ್ ತೆಗೆಯುವುದು ನಮ್ಮ ಕೆಲಸ. ಊರಿಗೆ ಬಂದು ಐದು ವರ್ಷ ಆಯಿತು. ಈ ಐದು ವರ್ಷದಲ್ಲಿ ನಮ್ಮ ಶಾಲೆಗಳ ಮೈದಾನದಲ್ಲಿ ಕಂಡದ್ದನ್ನು ನಿಮ್ಮ ಮುಂದೆ ಇಡಬೇಕು ಅನ್ನಿಸಿತು. ಅದಕ್ಕೇ ಈ ಪತ್ರ.

ಮೊದಲು ನಡೆದದ್ದು ಹೇಳುತ್ತೇನೆ. ನಮ್ಮ ಮನೆ ಹತ್ತಿರ ಒಂದು ಹೈಸ್ಕೂಲ್ ಇದೆ. ಹೆಸರು ಬೇಡ. ಕಳೆದ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ನಾನೇ ಹೋಗಿ ಕೇಳಿದೆ: ಶನಿವಾರ ಕ್ಲಾಸ್ ಮುಗಿದ ಮೇಲೆ ಮಕ್ಕಳಿಗೆ ವಾಲಿಬಾಲ್ ಆಡಿಸುತ್ತೇನೆ, ದುಡ್ಡು ಕಾಸು ಏನೂ ಬೇಡ. ಒಪ್ಪಿದರು. ನೆಟ್ ನಾನೇ ತಂದೆ. ಮೊದಲ ಶನಿವಾರ ಹದಿನಾಲ್ಕು ಮಕ್ಕಳು ಬಂದರು, ದಸರಾ ರಜೆ ಬರುವ ಹೊತ್ತಿಗೆ ನಲವತ್ತು ದಾಟಿತ್ತು. ರಜೆ ಮುಗಿಸಿ ಬಂದರೆ ಟೆನ್ತ್ ಮಕ್ಕಳಿಗೆ ಆಟ ಬೇಡ ಅಂದರು. ತಿಂಗಳಾದ ಮೇಲೆ ನೈನ್ತ್ ಮಕ್ಕಳಿಗೂ ಸ್ಪೆಷಲ್ ಕ್ಲಾಸ್ ಅಂದರು. ಆಮೇಲೆ ಬಾಲು ಬೀರುವಿಗೆ ಸೇರಿತು. ನಾಲ್ಕೂವರೆಗೆ ಗೇಟಿಗೆ ಬೀಗ. ಒಂದು ಸಂಜೆ ಮೂರು ಹುಡುಗರು ಕಾಂಪೌಂಡ್ ಹತ್ತಿ ಒಳಗೆ ಇಳಿದು ಆಡುತ್ತಿದ್ದರಂತೆ. ಮಾರನೇ ದಿನ ಪ್ರಾರ್ಥನೆಯಲ್ಲಿ ಎಲ್ಲರ ಮುಂದೆ ನಿಲ್ಲಿಸಿ, ಮೈದಾನ ಹತ್ತು ಸುತ್ತು ಓಡಿಸಿದರು.

ಆಡಿದ್ದಕ್ಕೆ ಶಿಕ್ಷೆ, ಆ ಶಿಕ್ಷೆಯೂ ಓಟ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಇದು ಒಂದೇ ಶಾಲೆಯ ಕತೆ ಆಗಿದ್ದರೆ ಬರೆಯುತ್ತಿರಲಿಲ್ಲ. ನನ್ನ ಜೊತೆ ಬೆಳಿಗ್ಗೆ ವಾಕಿಂಗ್ ಬರುವ ನಿವೃತ್ತ ಮೇಷ್ಟ್ರುಗಳು, ನೆಂಟರಿಷ್ಟರ ಮಕ್ಕಳು, ಎಲ್ಲರೂ ಇದೇ ಹೇಳುತ್ತಾರೆ. ಟೈಂ ಟೇಬಲ್‌ನಲ್ಲಿ ಪಿಟಿ ಪೀರಿಯಡ್ ಇರುತ್ತದೆ, ಗಣಿತದ ಮೇಷ್ಟ್ರು ಬಂದು ತೆಗೆದುಕೊಳ್ಳುತ್ತಾರೆ. ತಾಲೂಕು ಮಟ್ಟದ ಪಂದ್ಯ ಬಂದಾಗ ಹನ್ನೆರಡು ಮಕ್ಕಳನ್ನು ಆರಿಸುತ್ತಾರೆ, ಮಿಕ್ಕವರೆಲ್ಲ ಬೇವಿನ ಮರದ ಕೆಳಗೆ ಕೂತು ಚಪ್ಪಾಳೆ ತಟ್ಟಬೇಕು. ಕೈಯಲ್ಲಿ ದುಡ್ಡಿದ್ದವರ ಮಕ್ಕಳು ಗಂಟೆಗೆ ಇಷ್ಟು ಅಂತ ಕೊಟ್ಟು ಟರ್ಫ್‌ನಲ್ಲಿ ಆಡುತ್ತಾರೆ. ಇಲ್ಲದವರ ಮಕ್ಕಳು ಮೊಬೈಲ್ ಹಿಡಿಯುತ್ತಾರೆ.

ಆಟ ಆಡಿದರೆ ಆರೋಗ್ಯ ಚೆನ್ನಾಗಿರುತ್ತದೆ ಅಂತ ಹೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ಅದು ನಿಮಗೂ ಗೊತ್ತು. ನಾಲ್ಕು ಜನರನ್ನು ಜೊತೆಗೆ ಕರೆದುಕೊಂಡು ಹೋಗುವುದು ಹೇಗೆ ಅನ್ನುವುದನ್ನು ನಾನು ಎಲ್ಲಿ ಕಲಿತೆ, ಅದನ್ನು ಹೇಳಬೇಕು.

ನಮ್ಮಲ್ಲಿ ಬೇಲಿ ಬ್ರಿಡ್ಜ್ ಅಂತ, ಬಿಡಿ ಭಾಗಗಳನ್ನು ಜೋಡಿಸಿ ಕಟ್ಟುವ ಒಂದು ಸೇತುವೆ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಡೊನಾಲ್ಡ್ ಬೇಲಿ ಎಂಬ ಎಂಜಿನಿಯರ್ ರೂಪಿಸಿದ್ದು. ಅದರ ಮುಖ್ಯ ಭಾಗ ಕಬ್ಬಿಣದ ಪ್ಯಾನೆಲ್. ಹತ್ತು ಅಡಿ ಉದ್ದ, ಐದು ಅಡಿ ಎತ್ತರ, ತೂಕ ಹತ್ತಿರ ಹತ್ತಿರ 260 ಕಿಲೋ. ಕ್ರೇನ್ ಇಲ್ಲದ ಕಡೆ ಆರು ಜನ ಸೇರಿ ಅದನ್ನು ಹೊರಬೇಕು. ಆ ಆರು ಜನ ಒಂದೇ ಉಸಿರಿಗೆ ಎತ್ತಬೇಕು. ಒಬ್ಬ ಒಂದು ಕ್ಷಣ ಮುಂಚೆ ಎತ್ತಿದರೆ ಭಾರ ಇನ್ನೊಬ್ಬನ ಸೊಂಟಕ್ಕೆ ಬೀಳುತ್ತದೆ. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದಾಗ ಚೂರಲ್‌ಮಲದಲ್ಲಿ 190 ಅಡಿಯ ಇಂಥದೇ ಸೇತುವೆ ಕಟ್ಟಿದ್ದು ನಮ್ಮ ಎಂಇಜಿಯವರೇ. ಆಗಸ್ಟ್ 1ರ ಸಂಜೆಗೆ ಅದು ಮುಗಿದಿತ್ತು. ಮುಂದೆ ನಿಂತು ಮಾಡಿಸಿದವರು ಮೇಜರ್ ಸೀತಾ ಶೆಲ್ಕೆ. ಟೀವಿಯಲ್ಲಿ ಅದನ್ನು ನೋಡುತ್ತಾ ನನಗೆ ನನ್ನ ಹಳೇ ತಪ್ಪು ನೆನಪಾಯಿತು.

ನಾನು ಆಗ ಹೊಸದಾಗಿ ನಾಯಕ್ ಆಗಿದ್ದೆ, ಅಂದರೆ ಹವಾಲ್ದಾರ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಹುದ್ದೆ. ಅಭ್ಯಾಸದ ದಿನ. ಪ್ಯಾನೆಲ್ ಎತ್ತಿಸುವ ಜವಾಬ್ದಾರಿ ಮೊದಲ ಸಲ ನನಗೆ ಸಿಕ್ಕಿತ್ತು. ಗಂಟಲು ದೊಡ್ಡದು ಮಾಡಿ ಕೂಗಿದರೆ ಮುಗಿಯಿತು ಅಂದುಕೊಂಡಿದ್ದೆ. ಹಿಂದಿನ ಬಲ ಮೂಲೆಯಲ್ಲಿದ್ದ ಹುಡುಗ ಇನ್ನೂ ಕೈ ಸರಿಮಾಡಿಕೊಳ್ಳುತ್ತಿದ್ದ. ನಾನು ನೋಡಲಿಲ್ಲ. "ಎತ್ತಿ" ಅಂದುಬಿಟ್ಟೆ. ಐವರು ಎತ್ತಿದರು, ಪ್ಯಾನೆಲ್ ವಾಲಿತು, ಅವನ ಬೆರಳು ಸಿಕ್ಕಿಕೊಂಡಿತು. ಉಗುರು ಪೂರ್ತಿ ಕಿತ್ತು ಬಂತು. ಅವನು ಕೂಗಲೂ ಇಲ್ಲ, ನನ್ನ ಮುಖ ನೋಡಿದ ಅಷ್ಟೇ.

ನಮ್ಮ ಸುಬೇದಾರ್ ಸಾಹೇಬರು ಎಲ್ಲರ ಮುಂದೆ ನನಗೆ ಒಂದು ಮಾತೂ ಅನ್ನಲಿಲ್ಲ. ಸಂಜೆ ಗೇಮ್ಸ್ ಪರೇಡ್‌ನಲ್ಲಿ ಕರೆದರು. ಸೇನೆಯಲ್ಲಿ ಬೆಳಿಗ್ಗೆ ಪಿಟಿ ಇದ್ದ ಹಾಗೆ ಸಂಜೆ ಆಟ ಇರುತ್ತದೆ. ನಾನು ವಾಲಿಬಾಲ್‌ನಲ್ಲಿ ಸ್ಮ್ಯಾಶರ್. ಎತ್ತರ ಇದ್ದೆ, ಹೊಡೆತ ಜೋರಾಗಿತ್ತು, ಚಪ್ಪಾಳೆ ನನಗೇ ಬೀಳುತ್ತಿತ್ತು. ಸಾಹೇಬರು ಹೇಳಿದರು, "ನಾಳೆಯಿಂದ ನೀನು ಲಿಫ್ಟರ್." ಅಷ್ಟೇ ಹೇಳಿದ್ದು. ಯಾಕೆ ಅಂತ ಕೇಳುವ ಧೈರ್ಯ ನನಗೆ ಇರಲಿಲ್ಲ.

ಲಿಫ್ಟರ್ ಅಂದರೆ ಹೊಡೆಯುವವನಿಗೆ ಬಾಲು ಎತ್ತಿ ಕೊಡುವವನು. ವಾಲಿಬಾಲ್ ಆಡಿದವರಿಗೆ ಅವನ ಕಷ್ಟ ಗೊತ್ತು. ಹಿಂದಿನಿಂದ ಪಾಸ್ ಬರುತ್ತದೆ. ಬಾಲು ಕೈಗೆ ಬರುವುದರೊಳಗೆ ಯಾರು ರೆಡಿ ಇದ್ದಾರೆ, ಯಾರ ಕಾಲು ಇನ್ನೂ ಎದ್ದಿಲ್ಲ, ಆ ಕಡೆ ಬ್ಲಾಕ್ ಎಲ್ಲಿದೆ, ಎಲ್ಲವನ್ನೂ ನೋಡಿರಬೇಕು. ನೋಡಿ, ಅವನಿಗೆ ಬೇಕಾದ ಎತ್ತರಕ್ಕೆ ಬಾಲು ಇಡಬೇಕು. ಪಾಯಿಂಟ್ ಬಂದರೆ ಹೆಸರು ಹೊಡೆದವನಿಗೆ. ಬರದಿದ್ದರೆ ಲಿಫ್ಟ್ ಸರಿ ಇರಲಿಲ್ಲ ಅಂತಾರೆ. ಮೂರು ನಾಲ್ಕು ತಿಂಗಳು ಒದ್ದಾಡಿದೆ. ಒಂದು ದಿನ ಪ್ಯಾನೆಲ್ ಎತ್ತಿಸುವಾಗ ನನಗೇ ಗೊತ್ತಿಲ್ಲದೆ ಬಾಯಿ ತೆರೆಯುವ ಮುಂಚೆ ಕಣ್ಣು ಆರು ಜೊತೆ ಕೈಗಳ ಮೇಲೆ ಹೋಗಿ ಬಂತು. ಹಿಂದಿನ ಬಲ ಮೂಲೆ ಕೊನೆಯಲ್ಲಿ ನೋಡಿದೆ. ಆಮೇಲೆ "ಎತ್ತಿ" ಅಂದೆ. ಪ್ಯಾನೆಲ್ ನೀರಿನ ಮೇಲೆ ತೇಲಿದ ಹಾಗೆ ಎದ್ದಿತು. ಸುಬೇದಾರ್ ಸಾಹೇಬರು ದೂರದಲ್ಲಿ ನಿಂತು ನೋಡುತ್ತಿದ್ದರು.

ಇದನ್ನು ಯಾವ ಪುಸ್ತಕ ಓದಿಯೂ ನಾನು ಕಲಿಯುತ್ತಿರಲಿಲ್ಲ. ಮೇಷ್ಟ್ರು ಬೋರ್ಡಿನ ಮೇಲೆ ಬರೆದು ಹೇಳಿದ್ದರೂ ಕಲಿಯುತ್ತಿರಲಿಲ್ಲ.

ಸೈನ್ಯ ಅಂದರೆ ಮೇಲಿನವನು ಕೂಗುವುದು, ಕೆಳಗಿನವನು ಕೇಳುವುದು ಅಂತ ನಮ್ಮೂರಲ್ಲಿ ತುಂಬಾ ಜನ ತಿಳಿದಿದ್ದಾರೆ. ಮಕ್ಕಳಿಗೆ ಶಿಸ್ತು ಕಲಿಸಿ ಅಂತ ನನ್ನನ್ನು ಕರೆಯುವವರೂ ಸ್ವಲ್ಪ ಬೈದು, ಸಾಲಾಗಿ ನಿಲ್ಲಿಸಿ ಅಂತಲೇ ಕೇಳುತ್ತಾರೆ. ದಯವಿಟ್ಟು ಹಾಗೆ ತಿಳಿಯಬೇಡಿ. ಡೆಹ್ರಾಡೂನ್‌ನಲ್ಲಿ ಅಧಿಕಾರಿಗಳಿಗೆ ತರಬೇತಿ ಕೊಡುವ ಅಕಾಡೆಮಿಯ ಚೆಟ್‌ವುಡ್ ಹಾಲ್‌ನಲ್ಲಿ ಬರೆದಿಟ್ಟಿರುವ ಮಾತು ಹೀಗಿದೆ: ಮೊದಲು ದೇಶ, ಆಮೇಲೆ ನಿನ್ನ ಕೈಕೆಳಗಿನ ಜನರ ಮಾನ ಮತ್ತು ಕ್ಷೇಮ, ಎಲ್ಲಕ್ಕಿಂತ ಕೊನೆಗೆ ನಿನ್ನ ಸುಖ. ಸಂಜೆಯ ಅಂಗಳದಲ್ಲಿ ಇದು ಕಣ್ಣಿಗೆ ಕಾಣುತ್ತಿತ್ತು. ಭುಜದ ಮೇಲಿನ ಪಟ್ಟಿ ಬಿಚ್ಚಿಟ್ಟು ಬನಿಯನ್ ಹಾಕಿಕೊಂಡು ಮೇಜರ್ ಸಾಹೇಬರೂ ಬರುತ್ತಿದ್ದರು. ಟೀಮಿನ ಕ್ಯಾಪ್ಟನ್ ಒಬ್ಬ ಲಾನ್ಸ್ ನಾಯಕ್, ನಾಯಕ್‌ಗಿಂತಲೂ ಕೆಳಗಿನವನು. ಅವನು "ಸಾಬ್, ನೀವು ಹಿಂದೆ ನಿಲ್ಲಿ" ಅಂದರೆ ಮೇಜರ್ ಹಿಂದೆ ನಿಲ್ಲುತ್ತಿದ್ದರು. ಹೇಳಿಸಿಕೊಳ್ಳುವುದು ಹೇಗೆ ಅಂತ ಆ ಮೇಜರ್ ನಮಗೆ ಆಡುತ್ತಲೇ ತೋರಿಸಿದರು. ವಾಲಿಬಾಲ್‌ನ ರೊಟೇಶನ್ನೂ ಹಾಗೇ ಇದೆ. ಎಷ್ಟೇ ದೊಡ್ಡ ಆಟಗಾರನಾದರೂ ಮುಂದೆ ಇದ್ದವನು ಹಿಂದೆ ಹೋಗಲೇಬೇಕು, ಹಿಂದಿದ್ದವನು ಮುಂದೆ ಬರಲೇಬೇಕು.

ನಮ್ಮ ಖೋ ಖೋ ನೋಡಿ. ಎಂಟು ಜನ ಒಬ್ಬರು ಈ ಕಡೆ, ಒಬ್ಬರು ಆ ಕಡೆ ಮುಖ ಮಾಡಿ ಕೂತಿರುತ್ತಾರೆ, ಒಬ್ಬ ಅಟ್ಟಿಸಿಕೊಂಡು ಓಡುತ್ತಾನೆ. ಓಡುವವನು ತಿರುಗಿ ಹಿಂದಕ್ಕೆ ಬರುವಂತಿಲ್ಲ, ನಡುಗೆರೆ ದಾಟುವಂತಿಲ್ಲ. ಎದುರಾಳಿ ಆ ಕಡೆ ಹಾರಿದರೆ ಕೂತವನ ಬೆನ್ನು ಮುಟ್ಟಿ "ಖೋ" ಅಂದು, ಅವನ ಜಾಗದಲ್ಲಿ ತಾನು ಕೂರಬೇಕು. ನಾನೇ ಹಿಡಿಯುತ್ತೇನೆ ಅಂತ ಹಟ ಮಾಡಿದವನ ಟೀಮ್ ಸೋಲುತ್ತದೆ. ಸೇನೆಯಲ್ಲಿ ಇದಕ್ಕೆ ಹ್ಯಾಂಡಿಂಗ್ ಟೇಕಿಂಗ್ ಅಂತಾರೆ. ರಾತ್ರಿ ಕಾವಲು ಬದಲಾಗುವಾಗ ಹೋಗುವವನು ಬರುವವನಿಗೆ ಎಲ್ಲ ಹೇಳಿ, ಒಪ್ಪಿಸಿ ಹೋಗಬೇಕು. ಕೆಲಸ ಬಿಟ್ಟುಕೊಡಲು ಬರದೆ ಹಾಳಾದ ಸಂಘ, ಅಂಗಡಿ, ಸೊಸೈಟಿಗಳು ನಮ್ಮ ಊರಲ್ಲೇ ಎಷ್ಟಿಲ್ಲ ಹೇಳಿ! 2025ರ ಜನವರಿಯಲ್ಲಿ ದೆಹಲಿಯಲ್ಲಿ ಖೋ ಖೋ ವಿಶ್ವಕಪ್ ನಡೆದಾಗ ಗಂಡಸರು, ಹೆಂಗಸರು ಎರಡೂ ವಿಭಾಗದಲ್ಲಿ ಭಾರತವೇ ಗೆದ್ದಿತು. ಗೆದ್ದ ಹೆಣ್ಣುಮಕ್ಕಳಲ್ಲಿ ಟಿ. ನರಸೀಪುರ ತಾಲೂಕಿನ ಕುರುಬೂರಿನ ಚೈತ್ರಾ ಇದ್ದರು. ಇಂಥ ಆಟಕ್ಕೆ ಬೇಕಾದದ್ದು ಎರಡು ಕಂಬ ಮತ್ತು ಸುಣ್ಣದ ಗೆರೆ. ಅಷ್ಟೂ ಖರ್ಚು ಮಾಡಲು ಆಗದ ಶಾಲೆ ನಮ್ಮ ಜಿಲ್ಲೆಯಲ್ಲಿ ಇರಲಾರದು.

ಈಗ ಆ ಹೈಸ್ಕೂಲಿನ ಶನಿವಾರಗಳಿಗೆ ಬರುತ್ತೇನೆ. ನಾನು ಅಲ್ಲಿ ಮಾಡಿದ ನಿಯಮ ಒಂದೇ. ವಾರಕ್ಕೊಬ್ಬ ಕ್ಯಾಪ್ಟನ್. ಹಾಜರಿ ಪುಸ್ತಕದ ಸಾಲಿನಲ್ಲಿ ಯಾರ ಸರದಿಯೋ ಅವರು. ಹುಡುಗ, ಹುಡುಗಿ ಅಂತ ಭೇದ ಇಲ್ಲ. ಮೊದಲ ವಾರ ಚೆನ್ನಾಗಿ ಆಡುವ ಎತ್ತರದ ಹುಡುಗ ಕ್ಯಾಪ್ಟನ್ ಆದ. ಬಾಲು ತಪ್ಪಿದವರಿಗೆಲ್ಲ ಬೈದ. ಹತ್ತು ನಿಮಿಷಕ್ಕೆ ಅವನಿಗೆ ಯಾರೂ ಪಾಸ್ ಕೊಡದ ಹಾಗಾಯಿತು. ನಾನು ನಡುವೆ ಬಾಯಿ ಹಾಕಲಿಲ್ಲ.

ಐದನೇ ವಾರವೋ ಆರನೇ ವಾರವೋ ಒಬ್ಬ ಸಣಕಲು ಹುಡುಗನ ಸರದಿ. ಮಾತು ಕಡಿಮೆ. ಆಡುವುದಕ್ಕಿಂತ ಪಕ್ಕದಲ್ಲಿ ಕೂತು ಸ್ಕೋರ್ ಬರೆಯುವುದೇ ಅವನಿಗೆ ಇಷ್ಟ. "ನಂಗೆ ಬ್ಯಾಡ ಸರ್" ಅಂದ. ಸರದಿ ಅಂದರೆ ಸರದಿ ಅಂದೆ. ಮೊದಲ ಸೆಟ್ 25-9ಕ್ಕೆ ಸೋತರು. ಎರಡನೇ ಸೆಟ್‌ಗೆ ಮುಂಚೆ ಅವನು ಸ್ಕೋರ್ ಪುಸ್ತಕ ತೆಗೆದುಕೊಂಡು ಬಂದ. ಯಾರ ಸರ್ವಿಸ್ ಎಷ್ಟು ಸಲ ನೆಟ್‌ಗೆ ಬಿದ್ದಿದೆ ಅಂತ ಹಿಂದಿನ ವಾರಗಳದ್ದೂ ಅದರಲ್ಲಿ ಇತ್ತು. ಸರ್ವಿಸ್ ಸರಿ ಬಾರದ ಇಬ್ಬರು ಒಬ್ಬರ ಹಿಂದೆ ಒಬ್ಬರು ಬರುತ್ತಿದ್ದರು. ಅವರನ್ನು ಬೇರೆ ಬೇರೆ ಮಾಡಿ ನಿಲ್ಲಿಸಿದ. ಮೂಲೆಯಲ್ಲಿ ಹೆದರಿಕೊಂಡು ನಿಂತಿದ್ದ ಹುಡುಗಿ ಹತ್ತಿರ ಹೋಗಿ ಏನೋ ಹೇಳಿದ. ಆ ಸೆಟ್ 25-22. ಸೋತರು, ಆದರೆ ಮಕ್ಕಳ ಮುಖ ನೋಡಬೇಕಿತ್ತು.

ಆಟ ಆದ ಮೇಲೆ ಹತ್ತು ನಿಮಿಷ ನೆಲದ ಮೇಲೆ ಸುತ್ತಲೂ ಕೂರಿಸುತ್ತಿದ್ದೆ. ಇದೂ ಸೇನೆಯದೇ ಪದ್ಧತಿ. ಅಭ್ಯಾಸ ಮುಗಿದ ಮೇಲೆ ಏನು ಸರಿ ಹೋಯಿತು, ಎಲ್ಲಿ ತಪ್ಪಾಯಿತು ಅಂತ ಮಾತಾಡುತ್ತೇವೆ. ಮುಂದೆ ನಿಂತವನು ತನ್ನ ತಪ್ಪು ಮೊದಲು ಹೇಳಬೇಕು. ಆ ಹುಡುಗ ಮಣ್ಣಲ್ಲಿ ಕಡ್ಡಿ ಗೀರುತ್ತಾ ಹೇಳಿದ, "22 ಆದಾಗ ನಾನು ಟೈಮ್‌ಔಟ್ ತಗೋಬೇಕಿತ್ತು ಸರ್. ತಗೊಳ್ಳಲಿಲ್ಲ. ತಪ್ಪು ನಂದು." ಎತ್ತರದ ಹುಡುಗ ಎದ್ದು ಬಂದು ಅವನ ಪಕ್ಕ ಕೂತ. ಮುಂದಿನ ವಾರದಿಂದ ಅವನು ಬೈಯುವುದು ಕಡಿಮೆ ಆಯಿತು. ನಾನು ಯಾರಿಗೂ ಏನೂ ಉಪದೇಶ ಮಾಡಿರಲಿಲ್ಲ.

ಆ ಸ್ಕೋರ್ ಬರೆಯುವ ಹುಡುಗನಿಗೆ ಈಗ ಸಂಜೆ ಸ್ಪೆಷಲ್ ಕ್ಲಾಸ್. ದಾರಿಯಲ್ಲಿ ಸಿಕ್ಕಾಗೆಲ್ಲ "ಮತ್ತೆ ಯಾವಾಗ ಸರ್?" ಅಂತ ಕೇಳುತ್ತಾನೆ. ನನ್ನ ಹತ್ತಿರ ಉತ್ತರ ಇಲ್ಲ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ಬೆಳಿಗ್ಗೆ ಐದೂವರೆಗೆ ಊರಿನ ಯಾವುದೇ ದೊಡ್ಡ ಮೈದಾನಕ್ಕೆ ಬಂದು ನೋಡಿ. ಸೇನೆಯ ಅಗ್ನಿವೀರ್ ಭರ್ತಿಗೆ ತಯಾರಾಗುವ ಹುಡುಗರು ಓಡುತ್ತಿರುತ್ತಾರೆ. ಅವರಲ್ಲಿ ಕೆಲವರಿಗೆ ನಾನು ಹೇಳಿಕೊಡುತ್ತೇನೆ. ಎಲ್ಲರ ಕಣ್ಣೂ ಅವರವರ ವಾಚಿನ ಮೇಲೆ. ಒಬ್ಬ ಕಾಲು ಹಿಡಿದುಕೊಂಡು ಕೂತರೆ ಉಳಿದವರು ಪಕ್ಕದಿಂದ ಓಡಿ ಹೋಗುತ್ತಾರೆ. ಕೆಟ್ಟ ಹುಡುಗರಲ್ಲ, ನಿಲ್ಲಬೇಕು ಅಂತ ಅವರಿಗೆ ಹೊಳೆಯುವುದೇ ಇಲ್ಲ. ಶಾಲೆಯಲ್ಲಿ ಏನು ಆಡುತ್ತಿದ್ದೆ ಅಂತ ಕೇಳಿದರೆ "ಟೀಮಿಗೆ ಸೆಲೆಕ್ಟ್ ಆಗಿರಲಿಲ್ಲ ಸರ್" ಅನ್ನುತ್ತಾರೆ. ನಮ್ಮಲ್ಲಿ ಬೆಟ್ಟ ಹತ್ತುವಾಗ ನಿಧಾನ ನಡೆಯುವವನ ಹೆಜ್ಜೆಗೆ ಎಲ್ಲರೂ ಹೆಜ್ಜೆ ಹಾಕಬೇಕು. ಇದನ್ನು ಇಪ್ಪತ್ತನೇ ವಯಸ್ಸಿನಲ್ಲಿ ಹೊಸದಾಗಿ ಕಲಿಯುವುದು ಕಷ್ಟ. ಅದರಲ್ಲೂ 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ, ಕಾಯಂ ಆಗುವವರು ನೂರಕ್ಕೆ ಹೆಚ್ಚೆಂದರೆ 25 ಅಂತ ಆಗ ಹೇಳಿದ್ದರು. ಮಿಕ್ಕವರು ಊರಿಗೇ ವಾಪಸ್ ಬರುತ್ತಾರೆ. ಅವರು ಇಲ್ಲೇ ಅಂಗಡಿ ಇಡಬೇಕು, ನಾಲ್ಕು ಜನರಿಗೆ ಕೆಲಸ ಕೊಡಬೇಕು, ಪಂಚಾಯ್ತಿಗೆ ನಿಲ್ಲಬೇಕು.

ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ. ಆಟವೂ ಯುದ್ಧವೂ ಒಂದೇ ಅಲ್ಲ. ಮೈದಾನದಲ್ಲಿ ತಪ್ಪಿದರೆ ಒಂದು ಪಾಯಿಂಟ್ ಹೋಗುತ್ತದೆ, ನಮ್ಮಲ್ಲಿ ತಪ್ಪಿದರೆ ಒಬ್ಬ ತಾಯಿಯ ಮಗ ಹೋಗುತ್ತಾನೆ. ಆದ್ದರಿಂದಲೇ ತಪ್ಪು ಮಾಡಿ ಕಲಿಯಲು ಮೈದಾನದಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. 1922ರಲ್ಲಿ ಸಿಪಾಯಿಯಾಗಿ ಸೇರಿದ ಧ್ಯಾನ್ ಚಂದ್ ಸೇನೆಯ ಮೈದಾನಗಳಲ್ಲೇ ಹಾಕಿ ಆಡಿ ಬೆಳೆದು, 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಕ್ಯಾಪ್ಟನ್ ಆಗಿ ಚಿನ್ನ ತಂದರು. ಅಷ್ಟು ದೂರ ಯಾಕೆ, ನಮ್ಮ ದಾವಣಗೆರೆಯ ವಿನಯ್ ಕುಮಾರ್ 2013-14 ಮತ್ತು 2014-15ರಲ್ಲಿ ಸತತ ಎರಡು ಸಲ ಕರ್ನಾಟಕಕ್ಕೆ ರಣಜಿ ಟ್ರೋಫಿ ಗೆದ್ದುಕೊಟ್ಟ ನಾಯಕ. ಎಲ್ಲ ಮಕ್ಕಳೂ ಅವರಂತೆ ಆಗಲಿ ಅಂತ ನಾನು ಕೇಳುತ್ತಿಲ್ಲ. ಆ ಸ್ಕೋರ್ ಬರೆಯುವ ಹುಡುಗ ಯಾವ ಟೀಮಿಗೂ ಆಯ್ಕೆ ಆಗದಿರಬಹುದು. ಆದರೂ ಅವನಿಗೆ ಒಂದು ಶನಿವಾರ ಸಿಗಬೇಕು.

ನಿಮ್ಮ ಕಷ್ಟ ನನಗೆ ಗೊತ್ತಿದೆ. ಎಸ್ಸೆಸ್ಸೆಲ್ಸಿ ರಿಸಲ್ಟ್ ಕಡಿಮೆ ಬಂದರೆ ನೋಟಿಸ್ ನಿಮಗೇ ಬರುತ್ತದೆ. ಎಷ್ಟೋ ಕಡೆ ಪಿಟಿ ಮೇಷ್ಟ್ರೇ ಇಲ್ಲ. ಇದ್ದವರಿಗೆ ಗಣತಿ, ಚುನಾವಣೆ ಅಂತ ನೂರೆಂಟು ಕೆಲಸ. ಮೈದಾನದಲ್ಲಿ ಮಗುವಿನ ಕೈ ಮುರಿದರೆ ಪೋಷಕರು ನಿಮ್ಮ ಮೇಲೇ ಬರುತ್ತಾರೆ. ಇದೆಲ್ಲ ನಿಜ. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಎಂಟನೇ ತರಗತಿವರೆಗಿನ ಶಾಲೆಗೆ ಆಟದ ಮೈದಾನ ಇರಬೇಕು, ಆಟದ ಸಾಮಾನು ಕೊಡಬೇಕು ಅನ್ನುತ್ತದೆ. ಮೈದಾನ ಇಟ್ಟುಕೊಂಡು ಬೀಗ ಹಾಕುವುದಕ್ಕಲ್ಲ ಅಲ್ವಾ?

ನನ್ನ ಮನವಿ ಇಷ್ಟು. ಪಿಟಿ ಪೀರಿಯಡ್ ಅನ್ನು ಬೇರೆ ಯಾವ ವಿಷಯಕ್ಕೂ ಕೊಡಬೇಡಿ, ಟೆನ್ತ್ ಮಕ್ಕಳದ್ದಂತೂ ಖಂಡಿತ ಬೇಡ. ಓದಿ ಓದಿ ಸುಸ್ತಾಗುವವರು ಅವರೇ. ಸಂಜೆ ಕತ್ತಲಾಗುವವರೆಗೆ ಗೇಟು ತೆರೆದಿರಲಿ. ನೋಡಿಕೊಳ್ಳಲು ಜನ ಇಲ್ಲ ಅನ್ನುವುದಾದರೆ ನಮ್ಮಂಥ ಮಾಜಿ ಸೈನಿಕರನ್ನು, ಶಾಲೆಯ ಹಳೇ ವಿದ್ಯಾರ್ಥಿಗಳನ್ನು ಕೇಳಿ. ಬರುವವರ ಹೆಸರು, ವಿಳಾಸ, ಗುರುತಿನ ಚೀಟಿ ಎಲ್ಲ ಬರೆದಿಟ್ಟುಕೊಳ್ಳಿ, ಅದು ನಿಮ್ಮ ಹಕ್ಕು, ಮಕ್ಕಳ ಸುರಕ್ಷತೆಗೂ ಬೇಕು. ಕ್ಯಾಪ್ಟನ್ ಪಟ್ಟ ಮಾರ್ಕ್ಸ್ ನೋಡಿ ಕೊಡಬೇಡಿ, ಬ್ಯಾಟು ಯಾರದು ಅಂತ ನೋಡಿಯೂ ಕೊಡಬೇಡಿ. ಸರದಿ ಮಾಡಿ. ಹೆಣ್ಣುಮಕ್ಕಳನ್ನು ಥ್ರೋಬಾಲ್ ಮೂಲೆಗೆ ಕಳಿಸಿ ಸುಮ್ಮನಾಗಬೇಡಿ. ಆಟ ಆದ ಮೇಲೆ ಹತ್ತು ನಿಮಿಷ ಮಕ್ಕಳು ಮಾತಾಡಲಿ, ದೊಡ್ಡವರು ಕೇಳಿಸಿಕೊಳ್ಳಲಿ. ಮತ್ತೆ, ಮೈದಾನ ಸುತ್ತಿಸುವ ಶಿಕ್ಷೆಯನ್ನು ಇವತ್ತೇ ನಿಲ್ಲಿಸಿ. ಇದನ್ನು ಕೈ ಮುಗಿದು ಕೇಳುತ್ತೇನೆ.

ನಾವು ಏಳು ಜನ ನಿವೃತ್ತ ಸೈನಿಕರು ಮಾತಾಡಿಕೊಂಡಿದ್ದೇವೆ. ವಾರಕ್ಕೆ ಎರಡು ಸಂಜೆ, ಶನಿವಾರ ಮಧ್ಯಾಹ್ನದವರೆಗೆ, ಯಾವ ಶಾಲೆ ಕರೆದರೂ ಬರುತ್ತೇವೆ. ಸಂಬಳ ಬೇಡ, ಸನ್ಮಾನ ಬೇಡ, ಹಾರ ಶಾಲು ಬೇಡವೇ ಬೇಡ. ಪರೇಡ್ ಮಾಡಿಸುವುದಿಲ್ಲ, ಆಡಿಸುತ್ತೇವೆ. ನನ್ನ ನೆಟ್ ಇನ್ನೂ ಗಟ್ಟಿಯಾಗಿದೆ, ಒಂದು ಕಡೆ ಹರಿದಿದ್ದನ್ನು ಮೊನ್ನೆ ಹೊಲಿದಿಟ್ಟಿದ್ದೇನೆ. ಕಂಬ ನೆಡಲು ಎರಡು ಗುಂಡಿ ತೋಡುವುದಕ್ಕೆ ನಿಮ್ಮ ಒಪ್ಪಿಗೆ ಸಾಕು.

ಇಂತಿ ನಿಮ್ಮವ,
ಎಂಇಜಿಯ ಒಬ್ಬ ನಿವೃತ್ತ ಹವಾಲ್ದಾರ್
ದಾವಣಗೆರೆ